ಒಂದು ಕೊಂಬಿನ ಕೊರತೆ

ನಮ್ಮ ಪೇಟೆಯ ಬೋರ್ಡುಗಳನ್ನೆಲ್ಲ ಬರೆದವರು ಒಬ್ಬರೇ. ಹಲ್ಲಿನ ಡಾಕ್ಟರರ ಬೋರ್ಡು, ಬೀಗ ರಿಪೇರಿಯವರ ಬೋರ್ಡು, 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಎಂದು ಬೇಡಿಕೊಂಡರೂ ಯಾರೂ ಕಿವಿಗೊಡದ ಇಪ್ಪತ್ತೇಳು ಗೇಟುಗಳು, ಎಲ್ಲವೂ ಅವರ ಕೈಯವೇ. ಪೇಟೆಯವರ ಬಾಯಲ್ಲಿ ಅವರು ಬೋರ್ಡಣ್ಣ. ನಾನು ಬಣ್ಣದ ಅಂಗಡಿಯವನು, ಅವರು ನನಗೆ ಮೂವತ್ತೊಂದು ವರ್ಷದ ಗಿರಾಕಿ. ಅಷ್ಟು ವರ್ಷದಲ್ಲಿ ಅವರು ಒಂದು ಡಬ್ಬಿಯನ್ನೂ ನಾನು ಹೇಳಿದ ಬೆಲೆಗೆ ಕೊಂಡಿರಲಿಲ್ಲ. ನಾನೂ ಚೌಕಾಸಿಯ ಕೊನೆಗೆ ಕೊಡುವ ಬೆಲೆಯನ್ನು ಒಂದು ಸಲವೂ ಮೊದಲೇ ಹೇಳಿರಲಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಒಳ್ಳೆಯ ವಿಶ್ವಾಸವಿತ್ತು.

ಬೋರ್ಡಣ್ಣ ಬರೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಅಕ್ಷರಗಳ ಮೈಯನ್ನಷ್ಟೇ ದಪ್ಪ ಬ್ರಷ್ಷಿನಲ್ಲಿ ಬರೆದು ಮುಗಿಸುತ್ತಾರೆ. ಆಮೇಲೆ ಸೊನ್ನೆಗಳು. ಎಲ್ಲಕ್ಕಿಂತ ಕೊನೆಗೆ, ನಾಲ್ಕನೇ ನಂಬರಿನ ತೆಳು ಬ್ರಷ್ಷು ಹಿಡಿದು, ಉಸಿರು ಬಿಗಿಹಿಡಿದು, ಕೊಂಬು. ಅವರ ಕೊಂಬು ಬೇರೆಯವರ ಕೊಂಬಿನಂತಲ್ಲ. ಹಾಲು ಕುಡಿದು ಹೊರಟ ಬೆಕ್ಕಿನ ಬಾಲದ ಹಾಗೆ ತುದಿಯಲ್ಲಿ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಬೋರ್ಡಿನ ಮೂಲೆಯಲ್ಲಿ ಹೆಸರು ಹಾಕುವ ಅಭ್ಯಾಸ ಅವರಿಗಿಲ್ಲ. "ಕೊಂಬು ನೋಡಿದ್ರೆ ಗೊತ್ತಾಗಲ್ವಾ ಯಾರು ಬರೆದಿದ್ದು ಅಂತ" ಎನ್ನುತ್ತಾರೆ.

ಅವರ ಹೆಂಡತಿ ಒಂದನೇ ತರಗತಿಯ ಟೀಚರು. ಊರಿನ ಅರ್ಧ ಜನಕ್ಕೆ ಕಾಗುಣಿತ ತಿದ್ದಿಸಿದ್ದು ಆಕೆ, ಇನ್ನರ್ಧ ಜನ ಕಲಿತದ್ದು ಗಂಡನ ಬೋರ್ಡು ಓದಿ. ಮೂವತ್ತೊಂದು ವರ್ಷದಲ್ಲಿ ಒಂದಕ್ಷರ ತಪ್ಪಿಲ್ಲ ಎಂಬುದು ಬೋರ್ಡಣ್ಣನಿಗಿದ್ದ ಒಂದೇ ಜಂಬ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಜಂಬಕ್ಕೆ ಜಾಗವೂ ಇರಲಿಲ್ಲ.

ಆಗ ಬಂತು ಆ ವರ್ಷ. ದೇಶ ಸಾಲದಲ್ಲಿ ಮುಳುಗಿದೆ ಎಂದು ಸರ್ಕಾರವೇ ಒಪ್ಪಿಕೊಂಡಿತು. ಮುಳುಗಿದ್ದನ್ನು ಒಪ್ಪಿಕೊಂಡರು, ಮುಳುಗಿಸಿದ್ದನ್ನು ಯಾರೂ ಒಪ್ಪಿಕೊಳ್ಳಲಿಲ್ಲ. ಈಗಿನ ಮಂತ್ರಿಗಳು ಹಿಂದಿನವರ ಕಡೆ ಬೆರಳು ತೋರಿಸಿದರು. ಹಿಂದಿನವರು ಅವರಿಗಿಂತ ಹಿಂದಿನವರ ಕಡೆ ತೋರಿಸಿದರು, ಅವರಂತೂ ಫೋಟೋ ಆಗಿ ಗೋಡೆ ಸೇರಿದ್ದರಿಂದ ಮಾತಾಡಲಿಲ್ಲ. ಸಾಲ ಕೊಟ್ಟ ಪರದೇಶದವರು, ಕೇಳಿದರು ಕೊಟ್ಟೆವು ಎಂದರು. ಕೊನೆಗೆ ಎಲ್ಲರೂ ಸೇರಿ, ಜನ ದೀಪ ಆರಿಸದೆ ಮಲಗುತ್ತಾರೆ, ಅದರಿಂದಲೇ ಹೀಗಾಯಿತು ಎಂದು ನಮ್ಮ ತಲೆಗೆ ಕಟ್ಟಿದರು.

ನನ್ನ ಅಂಗಡಿಯ ಮುಂದೆ ಒಂದು ಬೆಂಚಿದೆ. ದೇಶದ ಸಂಸತ್ತಿನಲ್ಲಿ ಇತ್ಯರ್ಥವಾಗದ್ದು ಅಲ್ಲಿಗೆ ಬರುತ್ತದೆ. ಪಕ್ಕದ ಅಂಗಡಿಯ ದರ್ಜಿ ಮತ್ತು ನಿವೃತ್ತ ಬಸ್ ಕಂಡಕ್ಟರು ಅದರ ಕಾಯಂ ಸದಸ್ಯರು. ಸಾಹೇಬರುಗಳು ಮೂರು ತಿಂಗಳಿಗೊಂದು ಸೂಟು ಹೊಲಿಸಿ ದೇಶ ಹಾಳಾಯಿತು ಎಂದು ದರ್ಜಿ. ಹೊಲಿದವನು ತಾನೇ ಎನ್ನುವುದನ್ನು ಆತ ಹೇಳುವುದಿಲ್ಲ. ಟಿಕೆಟ್ಟಿಲ್ಲದೆ ಓಡಾಡುವವರಿಂದಲೇ ಎಲ್ಲ ಎಂದು ಕಂಡಕ್ಟರು. ನಾನು ಯಾರು ಕೊನೆಗೆ ಮಾತಾಡಿದರೋ ಅವರ ವಿರುದ್ಧ. ವಾದ ನಡೆದರೆ ಜನ ಕೂರುತ್ತಾರೆ, ಕೂತವರು ಎದ್ದು ಹೋಗುವಾಗ ಸಂಕೋಚಕ್ಕಾದರೂ ಮರ ಉಜ್ಜುವ ಒಂದು ಹಾಳೆ ಉಪ್ಪುಕಾಗದ ಕೊಳ್ಳುತ್ತಾರೆ.

ಆ ವರ್ಷ ಹೊಸ ಅಂಗಡಿ ತೆರೆದವರಿಲ್ಲ, ಆದ್ದರಿಂದ ಹೊಸ ಬೋರ್ಡು ಬರೆಸಿದವರೂ ಇಲ್ಲ. ಬೋರ್ಡಣ್ಣನ ಬ್ರಷ್ಷುಗಳು ಡಬ್ಬಿಯಲ್ಲಿ ತಲೆಕೆಳಗಾಗಿ ನಿದ್ದೆ ಹೋಗಿದ್ದವು. ಅಂಥ ಹೊತ್ತಿಗೆ ಖಜಾನೆ ಕಚೇರಿಯಿಂದ ಕರೆ ಬಂತು. ಜನರೆಲ್ಲ ತಮ್ಮ ಉಳಿತಾಯ ಪತ್ರಗಳನ್ನು ತಂದು ಹೊಸ ಮುದ್ರೆ ಹಾಕಿಸಿಕೊಳ್ಳಬೇಕು, ಅದಕ್ಕೆ ಗೇಟಿನ ಮೇಲೆ ಒಂದು ಬೋರ್ಡು ಬೇಕು: 'ಸಾಲು ಇಲ್ಲಿಂದ ಆರಂಭ.' ಇದು ಚೆನ್ನಾಗಿ ಬಂದರೆ ಒಳಗಿನ ಕೌಂಟರುಗಳಿಗೂ ಬೇರೆ ಕಚೇರಿಗಳಿಗೂ ಇನ್ನು ನಲವತ್ತೆರಡು. ಅಂದರೆ ಇಡೀ ವರ್ಷದ ಕೆಲಸ.

ಕಚೇರಿಯ ಹಿತ್ತಲಲ್ಲಿ ತಗಡು ಒರಗಿಸಿಕೊಂಡು ಬೋರ್ಡಣ್ಣ ಬರೆದರು. ಅಕ್ಷರಗಳ ಮೈ ಮುಗಿಯಿತು. ಎರಡು ಸೊನ್ನೆಗಳೂ ಮುಗಿದವು. ಕೊಂಬಿಗೆಂದು ತೆಳು ಬ್ರಷ್ಷು ತೆಗೆದರೆ ಅದರ ಕೂದಲು ಬೆಳಿಗ್ಗೆ ಎದ್ದ ಮಗುವಿನ ತಲೆಯಂತೆ ಕೆದರಿಕೊಂಡಿತ್ತು. ಹೊಸದು ಕೊಳ್ಳಲು ಮೂರು ಗಂಟೆಗೆ ನನ್ನ ಅಂಗಡಿಗೆ ಬಂದರು. ನಾನು ಬ್ರಷ್ಷು ಕೊಟ್ಟೆ. ಕೊಟ್ಟು ಸುಮ್ಮನಿರಬಹುದಿತ್ತು.

"ಬೋರ್ಡಣ್ಣ, ನೀವೇ ಹೇಳಿ. ಈ ಸಾಲಕ್ಕೆಲ್ಲ ಯಾರು ಹೊಣೆ?"

"ನಂಗ್ಯಾಕೆ ಬಿಡಿ ಸಾವ್ಕಾರ್ರೇ, ಒಂದು ಕೊಂಬು ಬಾಕಿ ಇದೆ."

"ಒಂದು ಕೊಂಬು ತಾನೇ, ಓಡಿ ಹೋಗುತ್ತಾ? ಕೂತ್ಕೊಳ್ಳಿ."

ಕೂತರು. ಬ್ರಷ್ಷು ಅದರ ಕಾಗದದ ಹೊದಿಕೆಯ ಸಮೇತ ಜೇಬಿಗಿಳಿಯಿತು. ದರ್ಜಿ ಸೂಟು ಎಂದ, ಕಂಡಕ್ಟರು ಟಿಕೆಟ್ಟು ಎಂದರು. ಬೋರ್ಡಣ್ಣ ಇಬ್ಬರದೂ ತಪ್ಪು ಎಂದು ಸಾಧಿಸಲು ಹೊರಟರು. ಐದರ ಸುಮಾರಿಗೆ ಕಚೇರಿಯ ಜವಾನ ಸೈಕಲ್ಲಿನ ಮೇಲೆ ಹಾಯ್ದುಹೋಗುತ್ತ, "ಅಣ್ಣಾ, ಬೋರ್ಡು ಒಣಗಿದೆ, ಏರಿಸಿ ಬಿಡ್ಲಾ?" ಎಂದು ಕೂಗಿದ. ಬೋರ್ಡಣ್ಣ ಆಗ ಬಡ್ಡಿಯ ಮೇಲಿನ ಬಡ್ಡಿಯಲ್ಲಿದ್ದರು. ತಿರುಗಿ ನೋಡದೆ ಕೈಯೆತ್ತಿ, "ಏರಿಸಪ್ಪ, ಏರಿಸು" ಎಂದರು.

ಮರುದಿನ ಬೆಳಿಗ್ಗೆ ಎಂಟುನೂರು ಜನ ಉಳಿತಾಯ ಪತ್ರ ಹಿಡಿದು ಖಜಾನೆಯ ಗೇಟಿನಲ್ಲಿ ನಿಂತಿದ್ದರು. ಅವರ ತಲೆಯ ಮೇಲೆ, ಗೇಣೆತ್ತರದ ಬಿಳಿ ಅಕ್ಷರಗಳಲ್ಲಿ: 'ಸಾಲ ಇಲ್ಲಿಂದ ಆರಂಭ.'

ಅದರ ಮಾರನೇ ದಿನ ಪತ್ರಿಕೆಗಳು ಆ ಫೋಟೋವನ್ನು ಮುಖಪುಟಕ್ಕೆ ಹಾಕಿದವು. ಸರ್ಕಾರ ಹೇಳಿದ ಮೊದಲ ನಿಜ ಇದು ಎಂದು ವಿರೋಧ ಪಕ್ಷ. ಆ ತಗಡು ಕೊಂಡದ್ದು ಹಿಂದಿನ ಸರ್ಕಾರದ ಕಾಲದಲ್ಲಿ ಎಂದು ಆಳುವ ಪಕ್ಷ. ಸಾಲ ನಿಜವಾಗಿ ಆರಂಭವಾಗುವುದು ಆ ಗೇಟಿನಿಂದಲ್ಲ, ಎರಡನೇ ಮಹಡಿಯಿಂದ ಎಂದು ರೇಡಿಯೋದಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರು ಅರ್ಧ ಗಂಟೆ ವಿವರಿಸಿದರು. ಮಧ್ಯಾಹ್ನದ ಹೊತ್ತಿಗೆ ಬೋರ್ಡಿಗೆ ಗೋಣಿತಟ್ಟು ಹೊದಿಸಿದರು. ಸಂಜೆಗೆ ಬೋರ್ಡಣ್ಣನ ಕೈಗೆ ಕಾಗದ ಬಂತು: ಮೂರು ದಿನದಲ್ಲಿ ವಿಚಾರಣೆ, ತಪ್ಪು ಸಾಬೀತಾದರೆ ಕಚೇರಿಯ ಪಟ್ಟಿಯಿಂದ ಹೆಸರು ವಜಾ. ನಲವತ್ತೆರಡು ಬೋರ್ಡುಗಳ ಕಥೆ ಬೇರೆ ಹೇಳಬೇಕಾಗಿರಲಿಲ್ಲ.

ನಾನು ಅವರ ಮನೆಗೆ ಹೋದೆ. ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ ಎಂದರೂ ಸರಿಯೇ. ಅಡುಗೆಮನೆಯ ಬಾಗಿಲಿಗೆ ಒರಗಿ ಟೀಚರಮ್ಮ ಮಕ್ಕಳ ಪಾಟಿ ತಿದ್ದುತ್ತಿದ್ದರು. ಬೋರ್ಡಣ್ಣ ನೆಲದ ಮೇಲೆ ಕೂತು, ತೊಳೆದ ಬ್ರಷ್ಷುಗಳನ್ನೇ ಮತ್ತೆ ತೊಳೆಯುತ್ತಿದ್ದರು.

"ಊರಿನ ಮಕ್ಕಳಿಗೆಲ್ಲ ಕೊಂಬು ಹಾಕೋದು ಕಲಿಸ್ದೆ ನೋಡಿ, ಅಂಗಡಿಯವ್ರೇ" ಎಂದರು ಟೀಚರಮ್ಮ. "ಒಬ್ಬರನ್ನ ಮಾತ್ರ ಬಿಟ್ಟಿದ್ದೆ. ದೊಡ್ಡೋರಲ್ವಾ, ಬರುತ್ತೆ ಅಂದ್ಕೊಂಡಿದ್ದೆ."

"ಇವಳು ಎರಡು ದಿನದಿಂದ ಹೀಗೇ" ಎಂದರು ಬೋರ್ಡಣ್ಣ.

"ಮತ್ತೆ? ಇವತ್ತು ಕ್ಲಾಸಲ್ಲಿ ಒಬ್ಬಳು ಕೊಂಬು ಬಿಟ್ಟಿದ್ಲು. ಯಾಕಮ್ಮಾ ಅಂದ್ರೆ, 'ನಿಮ್ಮನೆಯವ್ರೂ ಬಿಟ್ಟಿದಾರಲ್ಲ ಟೀಚರ್' ಅಂದ್ಲು. ಏನ್ ಹೇಳ್ಲಿ ನಾನು?"

ಬೆಂಚು ತನ್ನ ಸಲಹೆ ಕಳಿಸಿತ್ತು, ನಾನು ಒಪ್ಪಿಸಿದೆ. ಬಣ್ಣ ಉದುರಿತು ಎನ್ನಿ ಎಂದು ದರ್ಜಿ. ಇದನ್ನು ನಾನು ಅಲ್ಲೇ ತಳ್ಳಿಹಾಕಿದೆ, ಬಣ್ಣ ನನ್ನ ಅಂಗಡಿಯದು. ಅವರು ಕೊಟ್ಟ ಚೀಟಿಯಲ್ಲೇ ಕೊಂಬಿರಲಿಲ್ಲ ಎನ್ನಿ ಎಂದು ಕಂಡಕ್ಟರು.

"ಚೀಟಿ ಇಲ್ಲೇ ಇದೆ" ಎಂದು ಬೋರ್ಡಣ್ಣ ಕಪಾಟಿನ ಮೇಲಿಂದ ತೆಗೆದು ತೋರಿಸಿದರು. ಕೊಂಬು ಚೆನ್ನಾಗಿಯೇ ಇತ್ತು.

"ಕಳೆದುಹೋಯ್ತು ಅಂದ್ರಾಯ್ತು."

"ಹಂಗಾದ್ರೆ ಚೀಟಿ ಬರೆದ ಗುಮಾಸ್ತನ ಕೆಲಸ ಹೋಗುತ್ತಲ್ಲ."

"ಅವನು ಇನ್ಯಾರನ್ನೋ ತೋರಿಸ್ತಾನೆ ಬಿಡಿ. ಎಲ್ರೂ ಅದನ್ನೇ ತಾನೇ ಮಾಡ್ತಿರೋದು?"

ಟೀಚರಮ್ಮ ಪಾಟಿಯಿಂದ ತಲೆಯೆತ್ತಿದರು. "ರೀ, ನಮ್ಮ ಕ್ಲಾಸಲ್ಲಿ ಅಳಿಸಿ ತಿದ್ದಿದ್ರೆ ಬೈಯಲ್ಲ. ಪಕ್ಕದವರ ಪಾಟಿ ತೋರಿಸಿದ್ರೆ ಮಾತ್ರ ಹೊರಗೆ ನಿಲ್ಲಿಸ್ತೀನಿ."

ಬೋರ್ಡಣ್ಣ ಚೀಟಿಯನ್ನು ಕಪಾಟಿನ ಮೇಲೆ ವಾಪಸಿಟ್ಟರು. ಬ್ರಷ್ಷುಗಳನ್ನು ಮೂರನೇ ಸಲ ತೊಳೆದರು.

ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ. ಸಾಮಾನು ಮಾರಿದವನೆಂದು ನನಗೂ ಕರೆ ಬಂದಿತ್ತು. ಕೋಣೆಯಲ್ಲಿ ಒಂದು ಮೇಜು, ಗೋಡೆಯುದ್ದಕ್ಕೂ ಕಡತ, ತಿರುಗದ ಒಂದು ಫ್ಯಾನು. ಖರ್ಚು ಕಡಿತದ ಆದೇಶವನ್ನು ಅದರ ಸ್ವಿಚ್ಚಿನ ಮೇಲೆಯೇ ಅಂಟಿಸಿದ್ದರು. ವಿಚಾರಣೆಯ ಅಧಿಕಾರಿ ಮೇಡಂ ಒಬ್ಬರು, ಕಡತದಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ನಮಗಿಂತ ಮೊದಲು ಗುಮಾಸ್ತ ಬಂದು, ಚೀಟಿಯಲ್ಲಿ ಕೊಂಬಿತ್ತು ಎಂದು ಹೇಳಿ ಹೋಗಿದ್ದ. ಬೋರ್ಡು ಏರಿಸಿದ ಜವಾನ, "ನಂಗೆ ಎತ್ತೋಕೆ ಹೇಳಿದ್ರು, ಓದೋಕೆ ಹೇಳ್ಲಿಲ್ಲ" ಎಂದಿದ್ದ. ನಾನು ಬಾಗಿಲ ಹತ್ತಿರದ ಕುರ್ಚಿ ಆರಿಸಿಕೊಂಡೆ.

ಮೇಡಂ ಅಚ್ಚು ಹಾಕಿಸಿದ ಫಾರಂ ಎಳೆದುಕೊಂಡರು. "ತಪ್ಪು ಯಾರದು?"

"ನಂದು ಮೇಡಂ."

"ಅದು ಸರಿ. ಆದ್ರೆ ಯಾರದು?"

"ನಂದೇ. ಕೊಂಬು ಕೊನೆಗೆ ಹಾಕೋದು ನನ್ನ ಪದ್ಧತಿ. ಹಾಕೋದು ಮರೆತೆ." ಬೋರ್ಡಣ್ಣ ಜೇಬಿನಿಂದ ನಾಲ್ಕನೇ ನಂಬರಿನ ಬ್ರಷ್ಷು ತೆಗೆದು, ಹೊದಿಕೆಯ ಸಮೇತ ಮೇಜಿನ ಮೇಲಿಟ್ಟರು. "ಇದರಲ್ಲಿ ಹಾಕ್ಬೇಕಾಗಿತ್ತು. ಇನ್ನೂ ಬಿಚ್ಚಿಲ್ಲ."

ಮೇಡಂ ಫಾರಂ ತಿರುವಿ ಹಾಕಿದರು. ಮತ್ತೆ ಮುಂದಕ್ಕೆ ತಿರುವಿದರು. "ಇಲ್ಲಿ 'ಆರೋಪ ನಿರಾಕರಣೆಗೆ ಕಾರಣ' ಅಂತ ಒಂದು ಕಾಲಂ ಇದೆ. 'ಆರೋಪಿ ತೋರಿಸಿದ ಮುಂದಿನ ವ್ಯಕ್ತಿ' ಅಂತ ಇನ್ನೊಂದಿದೆ. ಒಪ್ಪಿಕೊಂಡ್ರೆ ಎಲ್ಲಿ ಬರೀಬೇಕು ಅಂತ ಕೊಟ್ಟೇ ಇಲ್ವಲ್ಲ. ಯಾಕೆ ಮರೆತ್ರಿ?"

ನಾನು ನೆಲದ ಹಾಸುಗಲ್ಲುಗಳನ್ನು ಎಣಿಸತೊಡಗಿದೆ.

"ಮಾತಾಡ್ತಾ ಕೂತಿದ್ದೆ."

"ಯಾರ ಜೊತೆ?"

"ಪೇಟೇಲಿ, ಹೀಗೇ."

"ಅಷ್ಟು ಮೈಮರೆಯೋ ಅಂಥ ಮಾತೇನು?"

"ದೇಶದ ಸಾಲಕ್ಕೆ ಯಾರು ಹೊಣೆ ಅಂತ."

ಮೇಡಂ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. "ಗೊತ್ತಾಯ್ತಾ?"

"ಇಲ್ಲ ಮೇಡಂ. ಕೊಂಬಿಗೆ ಯಾರು ಅನ್ನೋದಷ್ಟೇ ಗೊತ್ತಾಯ್ತು."

ಮೇಡಂ ಎದ್ದು ಪಕ್ಕದ ಕೋಣೆಗೆ ಹೋಗಿ ಫೋನು ಮಾಡಿದರು. ನಮಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ. "ಹೌದು ಸಾರ್, ಒಪ್ಪಿಕೊಂಡಿದ್ದಾರೆ... ಇಲ್ಲ ಸಾರ್, ಯಾರೂ ಹೆದರಿಸಿಲ್ಲ... ಅವರಾಗೇ... ಹಾಗೇ ಬರೆದ್ರೆ ನಾಳೆ ಪೇಪರಿನವರು ಕೇಳ್ತಾರಲ್ಲ ಸಾರ್, ಬೋರ್ಡಿಗೊಬ್ಬ ಒಪ್ಪಿಕೊಂಡ, ಸಾಲಕ್ಕೆ ಯಾರು ಒಪ್ಕೊಳ್ಳೋದು ಅಂತ..." ಬೋರ್ಡಣ್ಣ ಬ್ರಷ್ಷಿನ ಹೊದಿಕೆಯನ್ನು ಉಗುರಿನಿಂದ ನೇರ ಮಾಡುತ್ತಿದ್ದರು.

ಮೇಡಂ ವಾಪಸು ಬಂದು ಕೂತರು. ಮುಖದಲ್ಲಿ ನಗು ಬರಲೋ ಬೇಡವೋ ಎಂದು ನಿಂತಿತ್ತು. "ನಿಮ್ಮ ಹೆಸರು ತೆಗೀಬೇಕು ಅಂದ್ರೆ ತಪ್ಪು ಸಾಬೀತಾಯ್ತು ಅಂತ ನಾನು ಬರೀಬೇಕು. ಯಾರ ತಪ್ಪೂ ಸಾಬೀತಾಗೋದು ಬೇಡ ಅಂತ ಮೇಲಿಂದ ಹೇಳಿದ್ದಾರೆ. ಹಾಗಾಗಿ ಪಟ್ಟಿಯಲ್ಲೇ ಇರ್ತೀರಿ. ಈ ಬ್ರಷ್ಷು ಕೆಲಸ ಮಾಡುತ್ತಾ?"

"ಹೊಸದು ಮೇಡಂ, ಒಳ್ಳೇ ಮಾಲು" ಎಂದೆ. ಇಡೀ ವಿಚಾರಣೆಯಲ್ಲಿ ನಾನಾಡಿದ ಮಾತು ಅದೊಂದೇ.

"ಹೋಗಿ ಹಾಕಿ ಮತ್ತೆ."

ಗೇಟಿನಲ್ಲಿ ಆವತ್ತೂ ನೂರಾರು ಜನ. ಬೋರ್ಡಣ್ಣ ಏಣಿ ಹತ್ತಿ ಗೋಣಿತಟ್ಟು ಸರಿಸಿದರು. ಸಾಲಿನ ಮುಂದೆಯೇ ನಿಂತಿದ್ದ, ಉಳಿತಾಯ ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದ ಒಬ್ಬ ಅಜ್ಜಿ ಕತ್ತೆತ್ತಿ ಕೇಳಿದರು, "ಯಾಕಪ್ಪಾ ತಿದ್ತೀಯಾ? ಇಡೀ ಕಟ್ಟಡದಲ್ಲಿ ನಿಜ ಬರೆದಿದ್ದು ಅದೊಂದೇ."

"ನಿಜ ಇರಬಹುದು ಅಜ್ಜಿ. ಕಾಗುಣಿತ ತಪ್ಪು."

ಜನ ನಕ್ಕರು. ಬೋರ್ಡಣ್ಣ ಹೊದಿಕೆ ಬಿಚ್ಚಿದರು, ಬ್ರಷ್ಷು ಅದ್ದಿದರು, ಉಸಿರು ಬಿಗಿಹಿಡಿದರು. ನಾನು ಏಣಿ ಹಿಡಿದುಕೊಂಡಿದ್ದರಿಂದ ನನಗೆ ಕಂಡದ್ದು ಅವರ ಹಿಮ್ಮಡಿ ಮಾತ್ರ, ಅದು ಅಲುಗಲಿಲ್ಲ. ಇಳಿದ ಮೇಲೆ ನೋಡಿದರೆ ಲಕಾರದ ಬಲಗಡೆ ಬೆಕ್ಕಿನ ಬಾಲ ಎದ್ದು ನಿಂತಿತ್ತು, ಎಂದಿಗಿಂತ ಒಂದು ಬೆರಳು ಜಾಸ್ತಿಯೇ.

ನಲವತ್ತೆರಡು ಬೋರ್ಡುಗಳೂ ಅವರಿಗೇ ಬಂದವು. ಪ್ರತಿಯೊಂದೂ ಈಗ ಮನೆಯಿಂದ ಹೊರಡುವ ಮೊದಲು ಟೀಚರಮ್ಮನ ಮುಂದೆ ನಿಲ್ಲುತ್ತದೆ. ಆಕೆ ಬೆರಳಿಟ್ಟು ಓದಿ, ಹಿಂಬದಿಗೆ ಸೀಮೆಸುಣ್ಣದಲ್ಲಿ 'ಸರಿ' ಎಂದು ಗುರುತು ಹಾಕುತ್ತಾರೆ. ಚೆನ್ನಾಗಿದ್ದರೆ ಒಂದು ನಕ್ಷತ್ರ. ಹನ್ನೊಂದು ನಕ್ಷತ್ರ ಬಂದಿವೆ ಎಂದು ಬೋರ್ಡಣ್ಣ ಹೇಳಿಕೊಂಡು ತಿರುಗುತ್ತಾರೆ.

ಹೆಸರು ಮಾತ್ರ ಬದಲಾಯಿತು. ಪೇಟೆಯಲ್ಲಿ ಈಗ ಅವರನ್ನು ಕೊಂಬಣ್ಣ ಎನ್ನುತ್ತಾರೆ. "ಆ ಮನುಷ್ಯನಿಗೇನು ಕೊಂಬಿದೆಯಾ" ಎಂದು ಯಾರಾದರೂ ಯಾರನ್ನಾದರೂ ಬೈದರೆ, "ಇದೆ, ಆದರೆ ತಡವಾಗಿ ಬಂತು" ಎಂದು ದರ್ಜಿ ಉತ್ತರ ಕೊಡುತ್ತಾನೆ.

ತಿಂಗಳಾದ ಮೇಲೆ ಒಂದು ದಿನ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ನಾನು ಗಂಟಲು ಸರಿಮಾಡಿಕೊಂಡೆ. "ಆವತ್ತು ನಿಮ್ಮನ್ನ ಕೂರಿಸ್ಕೊಂಡವನು ನಾನು."

"ಗೊತ್ತು."

"ಮೇಡಂ ಕೇಳಿದಾಗ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಕಂಡಕ್ಟರ್ ಕಡೆ ತೋರಿಸ್ತಿದ್ರಿ, ಅವರು ದರ್ಜಿ ಕಡೆ. ನಲವತ್ತೆರಡು ಬೋರ್ಡು ಯಾವಾಗ ಬರೆಯೋದು ನಾನು?" ಎಂದು ಅವರು ಬಿಳಿ ಬಣ್ಣದ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದರು. "ಇದಕ್ಕೆಷ್ಟು?"

ಹೇಳಿದೆ. ಹೇಳಿದ ಬೆಲೆಯನ್ನು ಅವರು ಮರುಮಾತಿಲ್ಲದೆ ಕೊಟ್ಟು ಹೊರಟರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಾನೂ ಕೊಡುವ ಬೆಲೆಯನ್ನೇ ಹೇಳಿದ್ದೆ. ಅದು ಅವರಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿದಿಲ್ಲ.