ಮೇಷ್ಟ್ರ ಪಿಕ್ ಡಬ್ಬಿ

ಗಿಟಾರ್ ಮೇಷ್ಟ್ರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ತಂತಿ ಮೀಟುವ ಪಿಕ್ಕಿನ ದಪ್ಪ ಮರೆಯರು. ತೆಳುವಾದರೆ “ಸೊಳ್ಳೆ ಹಾಡಿದ ಹಾಗಿದೆ” ಎಂದು ಮೂಗು ಮುರಿಯುತ್ತಾರೆ, ದಪ್ಪವಾದರೆ “ಇದೇನು ಪಿಕ್ಕೋ, ಹಂಚಿನ ಚೂರೋ?” ಎನ್ನುತ್ತಾರೆ. ಸ್ವರ ತಪ್ಪಿದರೆ ತಪ್ಪು ಯಾವತ್ತೂ ಪಿಕ್ಕಿನದೇ. ಕೂಡಲೇ ಡಬ್ಬಿ ತೆಗೆದು ಬೇರೊಂದನ್ನು ಹುಡುಕುತ್ತಾರೆ. ಆ ಡಬ್ಬಿಯ ತಳದಲ್ಲಿ, ಮಗಳು ಏಳು ವರ್ಷದವಳಿದ್ದಾಗ ಶಾಂಪೂ ಬಾಟಲಿಯಿಂದ ಕತ್ತರಿಸಿ ಕೊಟ್ಟ ಹಸಿರು ಪಿಕ್ ಇದೆ. ಅಂದು ಅದನ್ನು ಅವಳ ಮುಂದೆಯೇ ಶಿಷ್ಯರೆದುರು ಎತ್ತಿ ಹಿಡಿದು, “ಇದ್ರಲ್ಲಿ ಕಿವಿ ಕೆರ್ಕೋಬಹುದು ನೋಡಿ” ಎಂದು ಎಲ್ಲರನ್ನೂ ನಗಿಸಿದ್ದರು. ಈಗ ಮಗಳು ಅವರಿಗಿಂತ ಚೆನ್ನಾಗಿ ನುಡಿಸುತ್ತಾಳೆ. “ಒಂದು ಪಿಕ್ ಆರಿಸ್ಕೋ ಮಗಳೇ” ಎಂದು ಡಬ್ಬಿ ಚಾಚಿದಾಗಲೆಲ್ಲ, “ಬೇಡಪ್ಪಾ, ನಂಗೆ ಬೆರಳೇ ಸಾಕು” ಎನ್ನುತ್ತಾಳೆ. ಮನೆಯಲ್ಲಿ ಯಾರೂ ಇಲ್ಲದಾಗ ತಾವೇ ಮೀಟಿ ಮೀಟಿ ಅಂಚು ಸವೆಸಿದ ಆ ಹಸಿರು ಪಿಕ್ ಅವಳ ಕಣ್ಣಿಗೆ ಬೀಳುವ ಮೊದಲೇ, ಮೇಷ್ಟ್ರು ತಲೆ ತಗ್ಗಿಸಿ ಮುಚ್ಚಳ ಒತ್ತಿಬಿಡುತ್ತಾರೆ.