ಅಟ್ಟಕ್ಕೆ ಇಳಿದ ವೈರು

ನನ್ನ ಸೋದರಮಾವನ ಅಂಗಿಯ ಜೇಬು ಯಾವಾಗಲೂ ಒಂದು ಮೂಲೆ ಕಿತ್ತು ಜೋತಾಡುತ್ತಿತ್ತು. ಅದರಲ್ಲಿ ಪೆನ್ನಿಲ್ಲ, ದುಡ್ಡಿಲ್ಲ, ಬರೀ ಸ್ಪ್ಯಾನರುಗಳು. ಬೆನ್ನಿಗೆ ಡಿಶ್ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಊರೂರು ಸುತ್ತುವರು. ದಬ್ಬೇಘಟ್ಟದ ಸುತ್ತಮುತ್ತಲಿನವರು ಟಿವಿ ನೋಡುತ್ತಿರುವುದೇ ತಮ್ಮಿಂದ ಎನ್ನುವ ಜಂಬ ಬೇರೆ. ಅಪ್ಪನಿಲ್ಲದ ನನ್ನನ್ನು ಸಾಕಿ, ಕಂದಿಕೆರೆಯ ಈ ಮನೆಗೆ ಧಾರೆಯೆರೆದು ಕೊಟ್ಟವರು ಅವರೇ. ಹಾಗಾಗಿ ಅತ್ತೆ, ನನ್ನ ಗಂಡನ ತಾಯಿ, ಡಿಶ್ ಹಾಕಿಸೋಣ ಎಂದಾಗ, "ನಮ್ಮ ಮಾವ ಇದಾರಲ್ಲ!" ಎಂದು ಎದೆಯುಬ್ಬಿಸಿ ಹೇಳಿದೆ.

ಬಂದರು, ಗೋಡೆಗೆ ಡಿಶ್ ಬಿಗಿದರು, ಹೆಂಚಿನ ಸಂದಿಯಿಂದ ಅಟ್ಟದ ಮೇಲೆ ಹಾಯಿಸಿ ವೈರು ಇಳಿಸಿದರು. ಅತ್ತೆ ಬಡಿಸಿದ ಮುದ್ದೆ, ಹುರುಳಿ ಸಾರು ಹೊಡೆದು, "ಇನ್ನು ಹತ್ತು ವರ್ಷ ತಿರುಗಿ ನೋಡಂಗಿಲ್ಲ" ಎಂದು ಹೊರಟರು. ಮಾರನೆಯ ದಿನವೇ ಚಿತ್ರ ಮಾಯ.

ಫೋನು ಮಾಡಿದರೆ, "ತುರುವೇಕೆರೆ ದಾಟಿದೆ ಕಣವ್ವ, ಬಂದೇಬುಟ್ಟೆ" ಎನ್ನುವರು. ಹಿಂದಿನಿಂದ ಎಮ್ಮೆ ಕೂಗುವುದು ಕೇಳಿಸುವುದು.

"ಮಾವ, ಅದು ನಿಮ್ಮ ಮನೆ ಎಮ್ಮೆ ಅಲ್ವಾ?"

"ಎಮ್ಮೆ ಎಲ್ಲಾ ಕಡೆ ಒಂದೇ ಥರ ಕೂಗ್ತವೆ ಕಣೇ!"

ವಾರಗಟ್ಟಲೆ ಕಾಯಿಸಿ ಬಂದು ಡಿಶ್ಶನ್ನು ಒಂದಿಷ್ಟು ತಿರುಗಿಸಿ, ಸುಡು ಬಿಸಿಲಿನಲ್ಲಿ ನಿಂತು, "ಮೋಡ ಕಣವ್ವ, ಮೋಡ" ಎಂದುಬಿಡುವರು. ತಪ್ಪು ಮೋಡದ್ದು, ಗಾಳಿಯದ್ದು, ಕಂಪನಿಯದ್ದು. ತಮ್ಮದು ಎಂದಿಗೂ ಅಲ್ಲ. ಅತ್ತೆ ಬೈಯುತ್ತಿರಲಿಲ್ಲ. "ನಿಮ್ಮಾವ ಇವತ್ತು ಬತ್ತಾರಂತಾ?" ಎಂದಷ್ಟೇ ಕೇಳುವರು. ಬೈದಿದ್ದರೇ ವಾಸಿಯಿತ್ತು. ತವರಿನ ಮಾನವೆಲ್ಲ ಆ ಬರಿದಾದ ಟಿವಿಯಲ್ಲಿ ಕಾಣುತ್ತಿದೆಯೇನೋ ಎನ್ನಿಸಿ ನಾನು ಅಡುಗೆಮನೆ ಸೇರಿಕೊಳ್ಳುತ್ತಿದ್ದೆ.

ನಮ್ಮ ಕಡೆ ತೆಂಗಿನಕಾಯನ್ನು ಅಟ್ಟಕ್ಕೆ ತುಂಬಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ವರ್ಷ, ಯಾರೂ ಮುಟ್ಟುವುದಿಲ್ಲ. ಮರುವರ್ಷ ಸುಲಿಯುವವರು ಬಂದು ಅಂಗಳದಲ್ಲಿ ಕುಳಿತರು. ಒಡೆದ ಮೊದಲ ಕಾಯಿ ಕಪ್ಪಗಿತ್ತು. ಅದರ ಮುಂದಿನದೂ ಹಾಗೆಯೇ. ಕಮಟು ನಾತ ಅಂಗಳಕ್ಕೆಲ್ಲ ಹರಡಿತು. ನನ್ನ ಗಂಡ ಅಟ್ಟ ಹತ್ತಿ ನೋಡಿದರೆ ಮಳೆಗಾಲವೆಲ್ಲ ವೈರಿನಗುಂಟ ನೀರು ಇಳಿದ ಗುರುತು. ಆ ಸಲದ ಫಸಲು ಅರ್ಧಕ್ಕರ್ಧ ಹಾಳು. ಸುಲಿಯುವವರು ಕೈ ನಿಲ್ಲಿಸಿ ನನ್ನತ್ತ ನೋಡಿದಾಗ ನೆಲ ಬಿರಿದು ಒಳಕ್ಕೆಳೆದುಕೊಳ್ಳಬಾರದೇ ಎನ್ನಿಸಿತು.

ಫೋನು ಮಾಡಿದೆ. ಅವತ್ತು ಮಾತ್ರ ಮಾವ ಹೇಳಿದ ಹೊತ್ತಿಗೆ ಬಂದರು. ಅವರ ಮುಖ ನೋಡಿ ಕನಿಕರವಾಯಿತೋ ಏನೋ, ನನ್ನ ಗಂಡ ತಾವೇ, "ಹೆಂಚು ಹಳೇದು ಬುಡಿ, ನೀವೇನ್ ಮಾಡೀರಿ" ಎಂದರು. ಹೂಂ ಅಂದುಬಿಡಲಿ ದೇವರೇ, ನನ್ನ ಮುಖವೂ ಉಳಿಯುತ್ತದೆ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಮಾವ ಅಟ್ಟ ಹತ್ತಿ ಇಳಿದು ಬಂದರು.

"ಹೆಂಚಲ್ಲ ಕಣಪ್ಪ. ವೈರು ಒಳಕ್ಕೆ ಬಿಡೋ ಮುಂಚೆ ಹೊರಗಡೆ ಕೆಳಕ್ಕೆ ಬಗ್ಗಿಸ್ಬೇಕು, ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ಲಿ ಅಂತ. ನಾನು ಬಗ್ಗಿಸ್ಲಿಲ್ಲ. ಉಣ್ಣೋ ಆತುರದಲ್ಲಿ ಬುಟ್ಬುಟ್ಟೆ."

ಮಾವ ಅಲ್ಲೇ ಕುಳಿತು ಕೊಳೆತದ್ದನ್ನೆಲ್ಲ ಬರಿಗೈಯಲ್ಲಿ ಆರಿಸಿ ತಿಪ್ಪೆಗೆ ಹೊತ್ತರು. ಕೆಲಸ ಮುಗಿದಾಗ ಅತ್ತೆ, "ಕೈ ತೊಳ್ಕಳಿ ಬೀಗ್ರೇ, ಎಲೆ ಹಾಕೀನಿ" ಎಂದರು.

"ಬ್ಯಾಡ ಕಣಕ್ಕ. ಈ ಮನೇಲಿ ಉಣ್ಣೋ ಮುಖ ನಂಗಿಲ್ಲ."

ಅಲ್ಲಿಂದಾಚೆ ಗೌರಿಹಬ್ಬಕ್ಕೆ ಬಾಗಿನ ತಂದರೂ ಜಗಲಿ ದಾಟುತ್ತಿರಲಿಲ್ಲ. ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ಅತ್ತೆ ಮಾತ್ರ ಪ್ರತಿ ಸಲವೂ ಅವರಿಗೊಂದು ಎಲೆ ಹಾಕುತ್ತಿದ್ದರು. ಆ ಖಾಲಿ ಎಲೆ ಎತ್ತುವಾಗ ಅತ್ತೆಯ ಕಣ್ಣು ತಪ್ಪಿಸುತ್ತಿದ್ದೆ. ಮಾವನ ಬಗ್ಗೆ ನಾಚಿಕೆ, ಸಾಕಿದವರ ಬಗ್ಗೆ ನಾಚಿಕೆಪಡುತ್ತೇನಲ್ಲ ಎಂದು ಇನ್ನೊಂದು ನಾಚಿಕೆ.

ಮಾವ ತೀರಿಕೊಂಡ ವಾರ ತಿಪಟೂರಿನ ಆಸ್ಪತ್ರೆಯಲ್ಲಿದ್ದರು. ನೋಡಲು ಹೊರಟ ನನ್ನ ಜೊತೆ ಅತ್ತೆಯೂ ಡಬ್ಬಿ ಹಿಡಿದು ಬಸ್ಸು ಹತ್ತಿದರು. ಮಂಚದ ಪಕ್ಕ ಕುಳಿತು, ಅನ್ನಕ್ಕೆ ಸಾರು ಕಲಸಿ, ಮೆತ್ತಗೆ ಕಿವುಚಿ, ತುತ್ತು ಮಾಡಿ ಬಾಯ ಹತ್ತಿರ ಹಿಡಿದರು.

"ಇದು ನಮ್ಮನೆ ಅಲ್ವಲ್ಲ ಬೀಗ್ರೇ. ಉಣ್ಣಿ."

ಮಾವ ಅತ್ತೆಯ ಮುಖ ನೋಡಲಾರದೆ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರು. ಮುಚ್ಚಿಕೊಂಡೇ ಬಾಯಿ ತೆರೆದರು.