ಬಾಗಿಲದಾಗ ಆರಿದ ಚಹಾ

ಹಿಂದಕ್ಕ ಮುಂಬೈದ ಸಾಂತಾಕ್ರೂಜ ವಿಮಾನ ನಿಲ್ದಾಣದಾಗ ಎರಡು ವಿಮಾನ ಕಂಪನಿ ಕೂಡಿ ಒಂದಾದವು. ಯಾರು ಸೀನಿಯರ್ ಅಂತ ಎರಡೂ ಕಡೆಯ ಪೈಲಟ್ ಯೂನಿಯನ್ನಿನವರು ಒಂದೇ ಕೋಣೆಯೊಳಗ ಮುಂಜಾನಿಂದ ಜಗಳಾಡತಿದ್ದರು. ಎರಡೂ ಕಂಪನಿಯ ಕ್ಯಾಂಟೀನೂ ಒಂದಾಗಿದ್ದವು. ಒಂದು ಕ್ಯಾಂಟೀನಿನಾಗ ಚಹಾ ಕೊಡತಿದ್ದ ನಾನು, ಇನ್ನೊಂದರ ಫಾತಿಮಾ ಇಬ್ಬರೂ ಚಹಾದ ಟ್ರೇ ಹಿಡಿದು ಒಂದೇ ಸಲ ಬಾಗಿಲಿಗೆ ಬಂದಿವಿ. ಮೊದಲು ಒಳಗ ಹೋದಾಕಿನೇ ಕ್ಯಾಂಟೀನಿಗೆ ಹಿರಿಯಾಕಿ ಅಂತ ಇಬ್ಬರ ಮನಸ್ಸಿನಾಗೂ ಇತ್ತು.

"ಬಾಜೂ ಸರಿಯವ್ವಾ, ನೌಕರಿಗೆ ಮೊದಲು ಸೇರಿದಾಕಿ ನಾನು," ಅಂದೆ.

"ನಿಮ್ಮ ಕಂಪನೀನ ತಗೊಂಡವರು ನಾವು, ಅಕ್ಕಾ. ನೀವ ಸರೀರಿ," ಅಂದಳು.

ಒಳಗಿನ ಗದ್ದಲ ನಿಂತಿತು. ಸಾಹೇಬರೆಲ್ಲ ನಮ್ಮನ್ನ ನೋಡಿ ತಲಿ ತಗ್ಗಿಸಿದರು; ಮುಂಜಾನಿಂದ ಅವರು ಆಡಿದ್ದೂ ಇದೇ ಮಾತು. ನಾಚಿಕಿಗೆ ಸೆರಗಿನಾಗ ಮುಖ ಮುಚ್ಚಿಕೊಳ್ಳೋಣಂದ್ರ ಕೈಯಾಗ ಟ್ರೇ.

ಅವರದು ಮುಂದ ಹೆಂಗೋ ರಾಜಿ ಆತು. ನಾವಿಬ್ಬರು ಮಾತ್ರ ಅವತ್ತಿನಿಂದ ಪ್ರತಿ ಬಾಗಿಲದಾಗ "ನೀ ಮುಂದ ಹೋಗವ್ವಾ", "ಇಲ್ಲಕ್ಕಾ, ನೀವ ಮುಂದ" ಅಂತ ನಿಂತು, ಚಹಾ ಆರಿದ ಮ್ಯಾಲೇ ಕೊಡತಿದ್ದೆವು.